ಹಳೆಯ ಕಾದಂಬರಿ ಮತ್ತು ಎಳೆಯ ಓದುಗರು: ಶಿಫಾರಸಿನ ಕ್ರಮವನ್ನು ಕುರಿತು

ಓದುವುದಕ್ಕೆ ಹಳೆಯ ಕಾದಂಬರಿಯೊಂದನ್ನು ಸೂಚಿಸಿರೆಂದು ಪದವಿ ವಿದ್ಯಾರ್ಥಿಗಳು ಕೇಳಿದಾಗ ಕನ್ನಡ ಅಧ್ಯಾಪಕರು ಕೊಡುವ ಪಟ್ಟಿ ಬಹುಮಟ್ಟಿಗೆ ಎಲ್ಲೆಡೆಯೂ ಒಂದೇ. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ'ಯಿಂದ (1899) ತೊಡಗಿ ನವೋದಯ, ಪ್ರಗತಿಶೀಲ, ನವ್ಯ, ದಲಿತ-ಬಂಡಾಯ ಎಂದು ಮೆಟ್ಟಿಲೇರುವ ಆ ಪಟ್ಟಿ ಸಾಹಿತ್ಯ ಚರಿತ್ರೆಯದೇ ಹೊರತು ಓದುಗರದಲ್ಲ. ಚರಿತ್ರೆಗೆ ಕಾಲಾನುಕ್ರಮ ಅಗತ್ಯ. ಮೊದಲ ಬಾರಿಗೆ ಇಡೀ ಕಾದಂಬರಿಯೊಂದನ್ನು ಕೈಗೆತ್ತಿಕೊಳ್ಳುವ ಹದಿನೆಂಟರ ಹರೆಯದವರಿಗೆ ಅದು ಅಗತ್ಯವಲ್ಲ. ಈ ಎರಡರ ನಡುವಿನ ವ್ಯತ್ಯಾಸವನ್ನು ಮರೆತಿರುವುದೇ ಹಳೆಯ ಕಾದಂಬರಿಗಳು ಪರೀಕ್ಷೆಯ ಪ್ರಶ್ನೆಗಳಾಗಿ ಮಾತ್ರ ಉಳಿಯುತ್ತಿರುವುದಕ್ಕೆ ಒಂದು ಮುಖ್ಯ ಕಾರಣ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳನ್ನು ಎದುರಿಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸಬಹುದು. 1953ರವರೆಗೆ ಮದರಾಸು ಆಡಳಿತದಲ್ಲಿದ್ದ ಈ ಸೀಮೆ ಅನಂತರ ಮೈಸೂರು ರಾಜ್ಯಕ್ಕೆ ಸೇರಿತು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಿಂದ ಈ ಐದೂ ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ಆಡಳಿತದ ಗಡಿಗಳು ಹೀಗೆ ಬದಲಾದರೂ ಮಳೆಯನ್ನು ನಂಬಿದ ಬೇಸಾಯ, ಗುಳೆ, ಬಯಲಾಟ, ಜಾತ್ರೆ, ಆಡುಮಾತು ಇವುಗಳ ನಂಟು ಕಡಿದಿಲ್ಲ. ಇಲ್ಲಿನ ವಿದ್ಯಾರ್ಥಿಗಳಲ್ಲಿ ಹಲವರು ತಮ್ಮ ಮನೆತನದಲ್ಲಿ ಕಾಲೇಜು ಕಂಡ ಮೊದಲಿಗರು. ಮನೆಯಲ್ಲಿ ಪುಸ್ತಕವಿಲ್ಲ ಎಂಬುದನ್ನೇ ಮುಂದುಮಾಡಿ ಅವರಿಗೆ ಸಾಹಿತ್ಯದ ಸಂಸ್ಕಾರವಿಲ್ಲ ಎಂದು ತೀರ್ಮಾನಿಸುವುದು ಸುಲಭ. ಆದರೆ ಅದು ತಪ್ಪು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ವೇಳೆ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಕಾರಣಿಕ ಒಂದೇ ಒಂದು ವಾಕ್ಯದ್ದು. ಅದನ್ನು ಮಳೆಗೆ, ಬೆಳೆಗೆ, ರಾಜಕಾರಣಕ್ಕೆ ಅನ್ವಯಿಸಿ ಜನ ವರ್ಷವಿಡೀ ಅರ್ಥ ಬಿಡಿಸುತ್ತಾರೆ. ಒಂದು ವಾಕ್ಯದಿಂದ ಇಷ್ಟು ಅರ್ಥಗಳನ್ನು ತೆಗೆಯಬಲ್ಲ ಸಮುದಾಯದ ಮಕ್ಕಳಿಗೆ ಕಾದಂಬರಿಯ ಧ್ವನಿಯನ್ನು ಹಿಡಿಯುವ ಶಕ್ತಿಯಿಲ್ಲವೆಂದು ಹೇಳಲಾಗದು. ಕೊರತೆಯಿರುವುದು ಶಕ್ತಿಯಲ್ಲಲ್ಲ, ಪ್ರವೇಶದಲ್ಲಿ.

ಪ್ರವೇಶದ ಒಂದು ದಾರಿ ಭಾಷೆಯದು. ಕೊಟ್ಟೂರಿನ ಕುಂ. ವೀರಭದ್ರಪ್ಪನವರ ಕಥನ ಈ ಸೀಮೆಯ ಆಡುಮಾತನ್ನೂ 'ಸದರಿ'ಯಂಥ ಕಚೇರಿ ಬರಹದ ಮಾತನ್ನೂ ಬೆರೆಸಿ ಕಟ್ಟಿದ್ದು. ಬೇರೆ ಭಾಗದ ಓದುಗರಿಗೆ ತೊಡಕೆನಿಸುವ ಈ ಗದ್ಯ ಇಲ್ಲಿನವರಿಗೆ ಕಿವಿಯಲ್ಲಿ ಮೊದಲೇ ನೆಲೆಸಿರುವ ಲಯ. ಆದರೂ ಕೇಂದ್ರ ಸಾಹಿತ್ಯ ಅಕಾಡೆಮಿಯ 2007ರ ಪ್ರಶಸ್ತಿ ಪಡೆದ 'ಅರಮನೆ'ಯಿಂದಲೇ ತೊಡಗುವುದು ವಿವೇಕವಲ್ಲ. ದತ್ತ ಮಂಡಲದ ಕಲೆಕ್ಟರನಾಗಿದ್ದ ಥಾಮಸ್ ಮನ್ರೋನನ್ನೂ ಪಾತ್ರವಾಗಿಸಿಕೊಂಡ ಆ ಬೃಹತ್ ಕೃತಿಗೆ ಓದಿನ ಪಳಗುವಿಕೆ ಬೇಕು. ಬಡ ಹುಡುಗನ ಶಾಲೆಯ ಬದುಕನ್ನು ಹೇಳುವ 'ಕೊಟ್ರೇಶಿ ಕನಸು' ಕಥೆ, ಅನಂತರ 'ಬೇಟೆ'ಯಂಥ ಮೊದಲ ಹಂತದ ಕಾದಂಬರಿ, ಆಮೇಲೆ 'ಅರಮನೆ' ಎಂಬ ಅನುಕ್ರಮ ಹೆಚ್ಚು ಫಲಕಾರಿ.

ಎರಡನೆಯ ದಾರಿ ನೆಲದ ನೆನಪಿನದು. ತ.ರಾ.ಸು. ಅವರ ಚಿತ್ರದುರ್ಗದ ಕಾದಂಬರಿಗಳು, ವಿಶೇಷವಾಗಿ 'ದುರ್ಗಾಸ್ತಮಾನ' (1982), ಈ ವಯಸ್ಸಿನವರನ್ನು ಬಿಡದೆ ಓದಿಸಿಕೊಳ್ಳುತ್ತವೆ. ಅವುಗಳ ದೃಷ್ಟಿಕೇಂದ್ರ ದುರ್ಗದ ಕೋಟೆ; ಹರಪನಹಳ್ಳಿ ಆ ಕೋಟೆಯ ಎದುರಾಳಿ ಸಂಸ್ಥಾನ. 18ನೆಯ ಶತಮಾನದ ನಡುಭಾಗದ ಮಾಯಕೊಂಡ ಕಾಳಗದಲ್ಲಿ ಮಡಿದವನು ದುರ್ಗದ ಹಿರೇ ಮದಕರಿನಾಯಕ. ಎದುರು ನಿಂತವರಲ್ಲಿ ಒಬ್ಬ ಹರಪನಹಳ್ಳಿಯ ಸೋಮಶೇಖರನಾಯಕ. ತನ್ನ ಊರನ್ನೇ ಎದುರಾಳಿಯ ಜಾಗದಲ್ಲಿ ನಿಲ್ಲಿಸುವ ಕಥನಪರಂಪರೆಯನ್ನು ಹರಪನಹಳ್ಳಿಯ ವಿದ್ಯಾರ್ಥಿನಿಯೊಬ್ಬಳು ಓದುವಾಗ ಚರಿತ್ರೆಯನ್ನು ಯಾರ ಕಡೆಯಿಂದ ಹೇಳಲಾಗುತ್ತದೆ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಸಂಕಥನದ ಸಿದ್ಧಾಂತಗಳನ್ನು ಬೋಧಿಸದೆಯೂ ಈ ಪ್ರಶ್ನೆಯನ್ನು ತಲುಪಿಸಬಲ್ಲ ಪಠ್ಯಗಳಿವು.

ಇಷ್ಟಕ್ಕೇ ನಿಂತರೆ ಪ್ರಾದೇಶಿಕತೆಯೇ ಓದಿನ ಗಡಿಯಾಗುವ ಅಪಾಯವಿದೆ. ಈ ವಾದಕ್ಕೆ ಎದುರು ಸಾಕ್ಷಿ ಇದೇ ನೆಲದಲ್ಲಿದೆ. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ರಾಯಸಂ ಭೀಮಸೇನರಾವ್, ಅಂದರೆ ಬೀಚಿ, ಕನ್ನಡದ ಬಗೆಗೆ ಆಸ್ಥೆಯಿಲ್ಲದೆ ಪೊಲೀಸ್ ಇಲಾಖೆಯಲ್ಲಿದ್ದವರು. ಅವರನ್ನು ಕನ್ನಡದತ್ತ ತಿರುಗಿಸಿದ್ದು ಅ.ನ.ಕೃ. ಅವರ 'ಸಂಧ್ಯಾರಾಗ' ಎಂಬುದು ಪ್ರಸಿದ್ಧ ಸಂಗತಿ. ಅದು ಸಂಗೀತಗಾರನೊಬ್ಬನ ಬದುಕಿನ ಕಥೆ. ಅದರಲ್ಲಿ ಹರಪನಹಳ್ಳಿಯ ಮಾತೂ ಇಲ್ಲ, ಮಣ್ಣೂ ಇಲ್ಲ. ಪಟ್ಟಿ ಹಾಕುವವರು ಬೀಚಿಯವರಿಗೆ ಆ ಕೃತಿಯನ್ನು ಆರಿಸುತ್ತಿದ್ದರೇ ಎಂಬುದು ಅನುಮಾನ.

ಹಾಗಾದರೆ ಸಮೀಪವೆಂದರೆ ಯಾವುದು? ಕಾರಂತರ 'ಚೋಮನ ದುಡಿ'ಯನ್ನು (1933) ನೋಡಬಹುದು. ಅದು ಕರಾವಳಿಯ ಕಥೆ. ಅದರ ಮಳೆ, ಗದ್ದೆ, ಭೂತಾರಾಧನೆ ಬಯಲುಸೀಮೆಗೆ ಅಪರಿಚಿತ. ಆದರೆ ಎತ್ತುಗಳಿದ್ದೂ ಉಳಲು ತನ್ನದೆಂಬ ನೆಲವಿಲ್ಲದ ಚೋಮ ಸಾಲ ತೀರಿಸಲು ಮಕ್ಕಳನ್ನು ಘಟ್ಟದ ಕಾಫಿ ತೋಟಕ್ಕೆ ಕಳಿಸುತ್ತಾನೆ. ಕೂಡ್ಲಿಗಿ, ಹರಪನಹಳ್ಳಿಗಳ ಹಟ್ಟಿ ಮತ್ತು ತಾಂಡಾಗಳಿಂದ ಕಾಫಿ ತೋಟಕ್ಕೂ ಕಬ್ಬಿನ ಗದ್ದೆಗೂ ಗುಳೆ ಹೋಗಿಬಂದ ಮನೆಗಳ ಮಕ್ಕಳಿಗೆ ಈ ಭಾಗವನ್ನು ಅಧ್ಯಾಪಕರು ವಿವರಿಸಬೇಕಾಗಿಲ್ಲ. ಅಧ್ಯಾಪಕರಿಗೇ ಅವರು ವಿವರಿಸಬಲ್ಲರು. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'ದ (1976) ಪರಿಸರ ಮಲೆನಾಡಿನ ಬ್ರಾಹ್ಮಣ ಕುಟುಂಬದ್ದು. ಆದರೂ ಓದು ಮುಗಿಯುವ ಮೊದಲೇ ಮದುವೆಯ ಮಾತು ಕೇಳುವ ಹುಡುಗಿಯರಿಗೆ ಅದು ದೂರದ ಕಥೆಯಲ್ಲ. ಅಂದರೆ ಸಮೀಪವನ್ನು ಅಳೆಯಬೇಕಾದುದು ಭೂಪಟದಿಂದಲ್ಲ, ಅನುಭವದಿಂದ. ಸ್ಥಳೀಯ ಕೃತಿ ಓದಿಗೆ ಒಂದು ಬಾಗಿಲು ಮಾತ್ರ; ಅದನ್ನೇ ಮನೆಯೆಂದು ಬಗೆಯಬಾರದು.

ಇದರಿಂದ ಕನ್ನಡ ವಿಭಾಗಗಳ ಮೇಲೆ ಕೆಲವು ಹೊಣೆಗಳು ಬೀಳುತ್ತವೆ. ಮೊದಲನೆಯದಾಗಿ, ಕಾದಂಬರಿಯ ಮೊದಲ ಅಧ್ಯಾಯವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದುವ ರೂಢಿ ಮರಳಬೇಕು. ಕೇಳಿ ಬೆಳೆದವರಿಗೆ ದೇವನೂರ ಮಹಾದೇವರ 'ಒಡಲಾಳ'ದ ದಕ್ಷಿಣದ ಆಡುಮಾತು ಕಣ್ಣಿಗಿಂತ ಕಿವಿಗೆ ಬೇಗ ದಕ್ಕುತ್ತದೆ. ಎರಡನೆಯದಾಗಿ, ಪರಪ್ರಾಂತದ ಮಾತುಗಳಿಗೆ ವಿದ್ಯಾರ್ಥಿಗಳೇ ಪದಕೋಶ ಸಿದ್ಧಪಡಿಸಬೇಕು. ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿಯ ಮಾತುಗಳನ್ನು ಮುದೇನೂರು ಸಂಗಣ್ಣನವರು 'ಚಿಗಟೇರಿ ಪದಕೋಶ'ವಾಗಿ ಸಂಗ್ರಹಿಸಿದ ಮಾದರಿ ಕಣ್ಣೆದುರಿಗಿದೆ. ಕರಾವಳಿಯ ಮಾತಿಗೆ ತಮ್ಮ ಊರಿನ ಮಾತನ್ನು ಎದುರಿಟ್ಟು ಬರೆಯುವ ವಿದ್ಯಾರ್ಥಿ ಕಾದಂಬರಿಯನ್ನು ಎರಡು ಬಾರಿ ಓದಿರುತ್ತಾನೆ. ಮೂರನೆಯದಾಗಿ, ಜಾತಿ, ಕಾಮ, ಹಿಂಸೆಗಳ ಪ್ರಸ್ತಾಪವಿರುವ ಕೃತಿಗಳನ್ನು ಎಳೆಯರ ಹೆಸರಿನಲ್ಲಿ ಬದಿಗಿಡುವುದು ನಿಲ್ಲಬೇಕು. ಬದುಕಿನಲ್ಲಿ ಅವರು ಕಂಡದ್ದನ್ನು ಪುಸ್ತಕದಲ್ಲಿ ಮುಚ್ಚಿಡುವುದರಿಂದ ಪುಸ್ತಕದ ಮೇಲಿನ ವಿಶ್ವಾಸ ಹೋಗುತ್ತದೆಯೇ ಹೊರತು ಬೇರೇನೂ ಆಗದು.

ಮುಖ್ಯವಾಗಿ, ಶಿಫಾರಸು ಎಂಬುದು ಪಟ್ಟಿಯ ಪ್ರಕಟಣೆಯಲ್ಲ, ಒಬ್ಬ ವಿದ್ಯಾರ್ಥಿಗೆ ಒಂದು ಕೃತಿಯನ್ನು ಹೊಂದಿಸುವ ಕೆಲಸ. ಅದಕ್ಕೆ ಕೃತಿಯ ಪರಿಚಯ ಎಷ್ಟು ಬೇಕೋ ವಿದ್ಯಾರ್ಥಿಯ ಪರಿಚಯವೂ ಅಷ್ಟೇ ಬೇಕು. ಹಳೆಯ ಕಾದಂಬರಿಗಳ ಅಳಿವು ಉಳಿವು ಮರುಮುದ್ರಣವನ್ನಷ್ಟೇ ಅವಲಂಬಿಸಿಲ್ಲ. ಅದು ಈ ಎರಡನೆಯ ಪರಿಚಯದ ಮೇಲೂ ನಿಂತಿದೆ.