ಆಗದೆ ಹೋದದ್ದರ ವ್ಯಾಕರಣ

ಇಂಗ್ಲಿಷ್ ವ್ಯಾಕರಣದಲ್ಲಿ ನಮ್ಮಂಥ ಹಳ್ಳಿಯ ವಿದ್ಯಾರ್ಥಿಗಳನ್ನು ಹೆಚ್ಚು ಕಾಡುವ ಪಾಠ ಯಾವುದೆಂದು ಕೇಳಿದರೆ ‘ಥರ್ಡ್ ಕಂಡಿಷನಲ್’ ಎಂದು ಬಹುಮಂದಿ ಹೇಳಿಯಾರು. ಹಿಂದೆ ಆಗದೆ ಹೋದದ್ದು ಆಗಿದ್ದರೆ ಏನಾಗುತ್ತಿತ್ತೆಂದು ಊಹಿಸಿ ಹೇಳುವ ವಾಕ್ಯವಿದು. ‘ಇಫ್’ ಇರುವ ಕಡೆ ‘ಹ್ಯಾಡ್’, ಇನ್ನೊಂದು ಕಡೆ ‘ವುಡ್ ಹ್ಯಾವ್’ ಎಂಬ ಸೂತ್ರವನ್ನು ಉರುಹೊಡೆದು ಪರೀಕ್ಷೆ ಬರೆಯುತ್ತೇವೆ. ಮಾರನೆಯ ದಿನ ಮರೆಯುತ್ತೇವೆ. ಇದು ನಮ್ಮ ಬುದ್ಧಿಯ ಕೊರತೆಯಲ್ಲ, ಕಲಿಸುವ ಕ್ರಮದ ಕೊರತೆ ಎಂಬುದು ನನ್ನ ಅಭಿಪ್ರಾಯ. ಈ ಪಾಠಕ್ಕೆ ಕನ್ನಡದ ಬಾಗಿಲಿನಿಂದಲೇ ಹೋಗಬೇಕು.

ನಮ್ಮ ನಂಜನಗೂಡು ರಸಬಾಳೆಯನ್ನೇ ತೆಗೆದುಕೊಳ್ಳೋಣ. ಪನಾಮಾ ಸೊರಗು ರೋಗದಿಂದ ಅದರ ತೋಟಗಳು ಬಹುಮಟ್ಟಿಗೆ ಹಾಳಾದುವು. ‘ಆ ರೋಗ ಬಾರದಿದ್ದಿದ್ದರೆ ತೋಟಗಳು ಉಳಿಯುತ್ತಿದ್ದುವು’ ಎನ್ನಲು ಯಾವ ರೈತನಿಗೂ ಸೂತ್ರ ಬೇಡ. ಇದನ್ನೇ ಇಂಗ್ಲಿಷಿನಲ್ಲಿ ಹೇಳಹೊರಟಾಗ ನಾವು ಎರಡು ಕಡೆ ಎಡವುತ್ತೇವೆ.

ಮೊದಲನೆಯದು, ‘ಇಫ್’ ಇರುವ ಕಡೆಯೂ ‘ವುಡ್’ ಸೇರಿಸುವುದು. ಕನ್ನಡದಲ್ಲಿ ‘ನಾಳೆ ಮಳೆ ಬಂದರೆ’ ಎನ್ನುತ್ತೇವೆ. ಮಾತು ನಾಳೆಯದಾದರೂ ‘ರೆ’ ಹತ್ತುವುದು ‘ಬಂದ’ ಎಂಬ ಭೂತಕಾಲದ ರೂಪಕ್ಕೆ. ‘ಬಂದಿತ್ತು’ ಎಂಬುದು ‘ಹ್ಯಾಡ್ ಕಮ್’ ಆದರೆ ‘ಬಂದಿದ್ದರೆ’ ಎಂಬುದು ‘ಇಫ್ ಇಟ್ ಹ್ಯಾಡ್ ಕಮ್’. ಅಲ್ಲಿ ‘ವುಡ್’ಗೆ ಎಡೆಯೇ ಇಲ್ಲ.

ಎರಡನೆಯದು, ಕೊನೆಯಲ್ಲಿ ‘ಹ್ಯಾವ್’ ಬಿಡುವುದು. ‘ದಿನಾ ಹೋಗುತ್ತಿದ್ದೆ’ ಎಂಬ ರೂಢಿಗೂ ‘ಕರೆದಿದ್ದರೆ ಹೋಗುತ್ತಿದ್ದೆ’ ಎಂಬ ಊಹೆಗೂ ನಮ್ಮಲ್ಲಿ ಒಂದೇ ರೂಪ. ಇಂಗ್ಲಿಷಿನ ‘ವುಡ್’ ಕೂಡ ಈ ಎರಡು ಕೆಲಸವನ್ನೂ ಮಾಡುತ್ತದೆ. ಆದರೆ ‘ಹಣವಿದ್ದರೆ ಕೊಡುತ್ತಿದ್ದೆ’ ಎಂಬುದು ಈ ಹೊತ್ತಿನ ಮಾತೋ ಹೋದ ವರ್ಷದ್ದೋ ಎಂದು ನಾವು ಸಂದರ್ಭದಿಂದ ತಿಳಿಯಬೇಕು. ಇಂಗ್ಲಿಷ್ ಅಲ್ಲಿ ಗೆರೆ ಎಳೆಯುತ್ತದೆ: ಈಗಿನದಕ್ಕೆ ‘ವುಡ್ ಗಿವ್’, ಕಳೆದುದಕ್ಕೆ ‘ವುಡ್ ಹ್ಯಾವ್ ಗಿವನ್’. ನಾವು ಹೊಸದಾಗಿ ಕಲಿಯಬೇಕಾದದ್ದು ಈ ಗೆರೆಯೊಂದೇ.

ಇಂಗ್ಲಿಷ್ ತರಗತಿಯಲ್ಲಿ ಕನ್ನಡ ನುಸುಳಿದರೆ ಇಂಗ್ಲಿಷ್ ಕೆಡುವುದೆಂದು ಕೆಲವರು ವಾದಿಸುವರು. ನಾವು ಮನಸ್ಸಿನಲ್ಲಿ ಹೇಗೂ ಕನ್ನಡದಿಂದಲೇ ತಿರುಗಿಸಿಕೊಳ್ಳುತ್ತೇವೆ. ಆ ಕೆಲಸ ಅಧ್ಯಾಪಕರ ಎದುರಿಗೇ ನಡೆದರೆ ತಿದ್ದಿಕೊಳ್ಳುವ ಅವಕಾಶವಾದರೂ ಇದೆ.

ನಮ್ಮ ಮನೆಯಿಂದ ಪದವಿಯ ತರಗತಿಗೆ ಬಂದವರಲ್ಲಿ ನಾನೇ ಮೊದಲನೆಯವನು. ‘ನನ್ನೂ ಓದ್ಸಿದ್ರೆ ನಾನೂ ಓದ್ತಿದ್ದೆ’ ಎಂದು ನಮ್ಮವ್ವ ಹೇಳುವುದುಂಟು. ಶಾಲೆಯ ಮುಖ ಕಾಣದ ಆಕೆಯ ಈ ಮಾತಿನಲ್ಲಿ ಪಾಠದ ತಿರುಳೆಲ್ಲ ಇದೆ. ಹೀಗಿರುವಾಗ, ಇದು ನಮಗೆ ತಲೆಗೆ ಹತ್ತದ ವಿಷಯವೆಂದು ನಾವೇ ಕೈಚೆಲ್ಲುವುದು ತರವಲ್ಲ.

ಆದುದರಿಂದ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ. ರೈಲು ತಪ್ಪಿಸಿಕೊಂಡ ಜಾನ್‌ನ ಉದಾಹರಣೆಗೆ ಮೊದಲು ನಮ್ಮ ಕಡೆಯ ಐದು ವಾಕ್ಯಗಳನ್ನು ಕನ್ನಡದಲ್ಲಿ ಬರೆಯಿಸಿರಿ. ‘1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಗದಿದ್ದಿದ್ದರೆ’ ಎಂದು ಒಬ್ಬ ಆರಂಭಿಸಲಿ, ಉಳಿದವರು ಮುಗಿಸಲಿ. ಆಮೇಲೆ ಇಂಗ್ಲಿಷಿಗೆ ತಿರುಗಿಸೋಣ. ಸೂತ್ರವನ್ನು ಕಡೆಯಲ್ಲಿ ಹೇಳಿದರೂ ಸಾಕು.