ಚಪ್ಪಲಿ ಕಾಯುವ ಮಕ್ಕಳು



ಆಟದ ಪೀರಿಯಡ್‌ನಲ್ಲಿ ಎಲ್ಲರೂ ಬಯಲಿಗೆ ಓಡಿದರೆ, ಕಣ್ಣು ಕಾಣದ, ಕಾಲು ಸರಿಯಿಲ್ಲದ ಅಥವಾ ಬುದ್ಧಿ ನಿಧಾನವಾದ ಮಗು ಬೇವಿನ ಕಟ್ಟೆಯ ಮೇಲೆ ಗೆಳೆಯರ ಚಪ್ಪಲಿ, ನೀರಿನ ಬಾಟಲಿ ಕಾಯುತ್ತ ಕೂರುತ್ತದೆ. ‘ಬಿದ್ದಗಿದ್ದೀತು’ ಎಂಬ ಕಾಳಜಿಯೇ ಅದಕ್ಕೆ ಬೇಲಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವುದೇ ಬೇರೆ: ಶಾಲೆಗಳು ಈ ಮಕ್ಕಳಿಗೆ ಪಾಠದಷ್ಟೇ ಆಟದ ಅವಕಾಶವನ್ನೂ ಸಮಾನವಾಗಿ ಕೊಡಬೇಕು.

ಇದಕ್ಕೆ ದೊಡ್ಡ ಖರ್ಚೇನೂ ಬೇಡ. ಅಂಧರ ಕ್ರಿಕೆಟ್‌ನ ಚೆಂಡನ್ನೇ ನೋಡಿ: ಪ್ಲಾಸ್ಟಿಕ್ ಚೆಂಡಿನೊಳಗೆ ಬೇರಿಂಗ್ ಗುಂಡುಗಳು. ನೆಲಕ್ಕೆ ಉರುಳಿಸಿದರೆ ನಮ್ಮ ಜಾತ್ರೆಯ ಗಿಲಕಿಯಂತೆ ಸದ್ದು ಮಾಡುತ್ತದೆ. ಬ್ಯಾಟ್ ಹಿಡಿದವನು ಕಿವಿಯಿಂದಲೇ ಅದರ ದಾರಿ ಹಿಡಿಯುತ್ತಾನೆ. ಇದೇ ಆಟ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್ ಅವರನ್ನು ಭಾರತ ತಂಡದ ನಾಯಕನನ್ನಾಗಿಸಿತು. 2012ರಲ್ಲಿ ಟಿ20 ವಿಶ್ವಕಪ್, 2017ರಲ್ಲಿ ಪದ್ಮಶ್ರೀ. ಚಿಕ್ಕಮಗಳೂರು ಜಿಲ್ಲೆಯ ಅಂಧ ಓಟಗಾರ್ತಿ ರಕ್ಷಿತಾ ರಾಜು 2018ರ ಜಕಾರ್ತ ಪ್ಯಾರಾ ಏಷ್ಯನ್ ಗೇಮ್ಸ್‌ನಲ್ಲಿ 1500 ಮೀಟರ್ ಚಿನ್ನ ಗೆದ್ದಾಗ ಜೊತೆಗೆ ಓಡಿದ್ದು ಮಾರ್ಗದರ್ಶಿ ಓಟಗಾರ. ಇಬ್ಬರ ಕೈಗಳ ನಡುವೆ ಇದ್ದದ್ದು ಗೇಣುದ್ದದ ಪಟ್ಟಿ, ಅಷ್ಟೆ.

ಎಲ್ಲರೂ ಪದಕ ತರಲಿ ಎಂದಲ್ಲ. ಲಗೋರಿಯಲ್ಲಿ ಗಾಲಿಕುರ್ಚಿಯ ಹುಡುಗ ಕೂತಲ್ಲಿಂದಲೇ ಚೆಂಡೆಸೆಯಲಿ, ಅವನ ಪರವಾಗಿ ಗೆಳೆಯ ಓಡಲಿ. ಹಗುರ ಮರದ ಆಟಿಕೆಗಳಿಗೆ ಬಣ್ಣ ತುಂಬುವ ಚಿತ್ರಗಾರರ ಊರು ನಮ್ಮ ಕಿನ್ನಾಳ. ದಪ್ಪ ಹಿಡಿಕೆಯ, ಗಾಢ ಬಣ್ಣದ, ಸದ್ದು ಮಾಡುವ ಆಟಿಕೆಗಳನ್ನು ಶಾಲೆಗಳಿಗೆಂದೇ ಇಲ್ಲಿ ಮಾಡಿಸಬಹುದಲ್ಲ? ಕೊಪ್ಪಳದ ಶಿಕ್ಷಣ ಇಲಾಖೆ, ಗ್ರಾಮ ಪಂಚಾಯಿತಿ ಮೊದಲು ಶಾಲೆಯ ಮೆಟ್ಟಿಲಿನಿಂದ ಬಯಲಿನವರೆಗೆ ಗಾಲಿಕುರ್ಚಿ ಉರುಳುವಷ್ಟು ಸಮತಟ್ಟಾದ ದಾರಿ ಮಾಡಿಸಲಿ.

— ಓದುಗ, ಕಿನ್ನಾಳ