ಕಾಯಿಕೊರಕ ಮತ್ತು ಉಳಿಕೆ ಹಣ್ಣು

ಕೊಯ್ಲು ಮುಗಿಯುವ ಹೊತ್ತಿಗೆ ಕೀಟನಾಶಕದ ಡಬ್ಬಗಳಿಗೆ ಸಂಘದ ಕಚೇರಿಯಲ್ಲಿ ಬೇಡಿಕೆ ಏಳುತ್ತದೆ. ಕಾಫಿಯ ಕಾಯಿಕೊರಕದ ಮಟ್ಟಿಗೆ ಡಬ್ಬಕ್ಕಿಂತ ಬುಟ್ಟಿಯೇ ಮೇಲೆಂಬುದು ನಮ್ಮ ಅಭಿಪ್ರಾಯ.

ಈ ಕೀಟ ಭಾರತದಲ್ಲಿ ಮೊದಲು ಕಂಡದ್ದು 1990ರಲ್ಲಿ, ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿದರೆ ಸಿಗುವ ನೀಲಗಿರಿಯ ಗೂಡಲೂರಿನಲ್ಲಿ. ಎಳ್ಳಿಗಿಂತ ಚಿಕ್ಕ ಕರಿಯ ದುಂಬಿ. ಹೆಣ್ಣು ಕಾಯಿಯ ತುದಿಯಲ್ಲಿ ತೂತು ಕೊರೆದು, ಬೀಜದೊಳಗೆ ಮೊಟ್ಟೆಯಿಟ್ಟು, ಅಲ್ಲೇ ಸಂಸಾರ ಹೂಡುತ್ತದೆ.

ಸೋಜಿಗವೆಂದರೆ, ಆ ಬೀಜ ವಿಷದ ಉಗ್ರಾಣ. ನಮಗೆ ಚುರುಕು ಕೊಡುವ ಕೆಫೀನ್ ಗಿಡಕ್ಕೆ ಕೀಟಗಳ ವಿರುದ್ಧದ ಕಾವಲು. ಅರೇಬಿಕಾ ಬೀಜದಲ್ಲಿ ಅದು ಸುಮಾರು ಶೇ. 1, ರೊಬಸ್ಟಾದಲ್ಲಿ ಅದರ ಇಮ್ಮಡಿಯಷ್ಟು. ಈ ಊಟ ದುಂಬಿಗೆ ದಕ್ಕಿದ್ದು ಹೇಗೆಂಬುದನ್ನು 2015ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿದೆ. ಅದರ ಕರುಳಿನ ಬ್ಯಾಕ್ಟೀರಿಯಾಗಳು, ಮುಖ್ಯವಾಗಿ ಸ್ಯೂಡೋಮೊನಾಸ್ ಫುಲ್ವಾ, ಕೆಫೀನನ್ನು ಒಡೆದುಹಾಕುತ್ತವೆ. ಆ ಬ್ಯಾಕ್ಟೀರಿಯಾಗಳನ್ನು ಕೊಂದಾಗ ಕೆಫೀನ್ ಹಾಗೆಯೇ ಹಿಕ್ಕೆಯಲ್ಲಿ ಹೊರಬಂತು. ಸ್ಯೂಡೋಮೊನಾಸನ್ನು ಮರಳಿ ಉಣಿಸಿದಾಗ ಮತ್ತೆ ಜೀರ್ಣವಾಯಿತು.

ಗಿಡದ ವಿಷವನ್ನೇ ಅರಗಿಸಿಕೊಂಡ ಕೀಟಕ್ಕೆ ನಮ್ಮ ವಿಷ ಎಷ್ಟು ದಿನದ ಮಾತು? ನ್ಯೂ ಕ್ಯಾಲೆಡೋನಿಯಾ ದ್ವೀಪದಲ್ಲಿ 1980ರ ದಶಕದಲ್ಲೇ ಅದು ಎಂಡೋಸಲ್ಫಾನಿಗೆ ಜಗ್ಗದಾಯಿತು. ಕಾಯಿಯೊಳಗೆ ಒಡಹುಟ್ಟಿದವೇ ಕೂಡುವುದರಿಂದ ಇಂಥ ಗುಣ ಬೇಗ ನೆಲೆಯೂರುತ್ತದೆ. ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟು 2011ರಲ್ಲಿ ತಡೆಯಿತು. ಕಾಸರಗೋಡಿನ ಸಂಕಟ ಎಲ್ಲರೂ ಬಲ್ಲದ್ದೇ. ಬೇರೆ ಔಷಧಿಗಳೂ ಬೀಜ ಹೊಕ್ಕ ದುಂಬಿಯನ್ನು ಮುಟ್ಟಲಾರವು. ಬಿಳಿಗಿರಿರಂಗನ ಬೆಟ್ಟದಂಥ ಕಡೆ ಕಾಡಿನ ನಡುವೆ ಕಾಫಿ ಇದೆ. ಅಲ್ಲಿ ಎರಚಿದ ವಿಷ ಜೇನಿಗೂ ಹಳ್ಳದ ನೀರಿಗೂ ಮುಟ್ಟೀತು.

ಆದರೆ ಹಣ್ಣೇ ಇಲ್ಲದ ತೋಟದಲ್ಲಿ ಬೆಳೆಯುವ ಉಪಾಯವನ್ನು ದುಂಬಿ ಕಲಿತಿಲ್ಲ. ಕೊಯ್ಲಾದ ಮೇಲೆ ಗಿಡದಲ್ಲಿ ಉಳಿದ, ನೆಲಕ್ಕೆ ಉದುರಿದ ಹಣ್ಣೇ ಹೊಸ ಫಸಲಿನವರೆಗೆ ಅದರ ಮನೆ. ಅವನ್ನು ಬಿಡದೆ ಆಯಿಸಬೇಕು. ಕೊರೆದ ಕಾಯನ್ನು ಎರಡು ಮೂರು ನಿಮಿಷ ಕುದಿಯುವ ನೀರಿನಲ್ಲಿ ಅದ್ದಬೇಕು. ಅಕಾಲದ ಕಾಯಿ ಕೀಳಿಸಬೇಕು.

ಉಳಿಕೆ ಆಯುವ ಕೂಲಿ ಗಿಟ್ಟದೆಂಬ ಸದಸ್ಯರ ಮಾತು ಸುಳ್ಳಲ್ಲ. ಒಬ್ಬರು ಆಯಿಸಿ ನೆರೆಯವರು ಬಿಟ್ಟರೆ ದುಂಬಿ ಬೇಲಿಯಾಚೆಯಿಂದ ಹಾರಿ ಬರುತ್ತದೆ. ಆದ್ದರಿಂದಲೇ ಇದು ಸಂಘದ ಕೆಲಸ. ಔಷಧಿಗೆ ಸಾಲ ಕೊಡುವಂತೆ ಈ ಕೂಲಿಗೂ ಮುಂಗಡ ಕೊಡಬೇಕು, ಅಕ್ಕಪಕ್ಕದ ತೋಟಗಳು ಒಂದೇ ವಾರದಲ್ಲಿ ಕೆಲಸ ಮುಗಿಸಬೇಕು ಎಂದು ಮುಂದಿನ ಸಭೆಯಲ್ಲಿ ಸೂಚಿಸಲಿದ್ದೇವೆ. ಅಡಿಕೆ ಮಾತ್ರ ಬೆಳೆಯುವ ಸದಸ್ಯರೂ ಬೆಂಬಲಿಸಬೇಕೆಂದು ಕೋರುತ್ತೇವೆ. ಕೊಳೆರೋಗವೂ ಬೇಲಿ ನೋಡಿ ಬರುವುದಿಲ್ಲ.